ಸಿಸ್ಟರ್ ಮೊದಲು ಕೇಳಲಿ

‘ಸಂಸಾರ ಮಾಡುವುದು’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಮನೆ ನಡೆಸುವುದು ಒಂದು, ಗಂಡ ಹೆಂಡತಿ ಸೇರುವುದು ಇನ್ನೊಂದು. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿ ಊರಿಗೆ ಹೊರಟ ಎಷ್ಟೋ ಹೆಂಗಸರ ಮನಸ್ಸಿನಲ್ಲಿ ಆ ಎರಡನೆಯ ಅರ್ಥದ ಪ್ರಶ್ನೆ ಇರುತ್ತದೆ: ಇನ್ನು ಸಂಸಾರ ಮಾಡಬಹುದಾ? ಡಾಕ್ಟರ ಮುಂದೆ ಅದು ಬಾಯಿಗೆ ಬರುವುದಿಲ್ಲ. ಪಕ್ಕದಲ್ಲಿ ಅತ್ತೆಯೋ ಬೆಳೆದ ಮಗನೋ ನಿಂತಿರುತ್ತಾರೆ. ಹೊರಗೆ ಉದ್ದದ ಕ್ಯೂ. ಮಾತ್ರೆ ಚೀಟಿ ಹಿಡಿದು ಹಾಗೇ ಹೊರಟುಬಿಡುತ್ತಾರೆ.

ಭಾರತದ ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಬಿಟ್ಟರೆ ಇದೇ ಜಾಸ್ತಿ. 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಮಂದಿಗೆ ಬಂದಿದೆ. ಕಾಯಿಲೆ ಬಲಿತ ಮೇಲೆ ಬಂದವರಿಗೆ ಮುಖ್ಯ ಚಿಕಿತ್ಸೆ ರೇಡಿಯೇಷನ್. ಜನ ಇದಕ್ಕೆ ‘ಕರೆಂಟ್ ಕೊಡೋದು’ ಅಂತಾರೆ. ಸುಮಾರು ಐದು ವಾರ ಹೊರಗಿನಿಂದ ಕೊಡುತ್ತಾರೆ. ಆಮೇಲೆ ಬ್ರಾಕಿಥೆರಪಿ: ಕೊಳವೆಗಳ ಮೂಲಕ ವಿಕಿರಣದ ಮೂಲವನ್ನು ಗರ್ಭಕೋಶ ಮತ್ತು ಯೋನಿಯ ಒಳಗೇ ಇಟ್ಟು, ಗಡ್ಡೆಯನ್ನು ಹತ್ತಿರದಿಂದ ಸುಡುವುದು.

ಗಡ್ಡೆಯ ಜೊತೆ ಪಕ್ಕದ ಜಾಗವೂ ನೋಯುತ್ತದೆ. ಯೋನಿಯ ಗೋಡೆಗೆ ರಕ್ತ ತರುವ ಸಣ್ಣ ನಾಳಗಳು ಹಾಳಾಗುತ್ತವೆ. ಒಳಪದರ ತೆಳ್ಳಗಾಗಿ ಒಣಗುತ್ತದೆ. ಸುಟ್ಟ ಗಾಯ ಮಾಯುವಾಗ ಚರ್ಮ ಬಿಗಿಯುತ್ತದಲ್ವಾ, ಹಾಗೇ ಇಲ್ಲೂ ಹಿಗ್ಗುವ ಗುಣ ಹೋಗಿ ದಾರಿ ಕಿರಿದಾಗುತ್ತದೆ. ಎರಡು ಬದಿಯ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಅಂಡಾಶಯಗಳೂ ಆ ಕಿರಣದ ದಾರಿಯಲ್ಲೇ ಇದ್ದರೆ ಕೆಲಸ ನಿಲ್ಲಿಸುತ್ತವೆ. 35 ವರ್ಷದವರಿಗೂ ಮುಟ್ಟು ಒಮ್ಮೆಲೇ ನಿಂತು, ಮೈ ಬಿಸಿಯೇರುವುದು, ಬೆವರು, ಆಸೆ ಕುಗ್ಗುವುದು ಎಲ್ಲ ಶುರುವಾಗುತ್ತದೆ. ಇದನ್ನು ಯಾರೂ ಮೊದಲೇ ಹೇಳದಿದ್ದರೆ, ‘ನಾನು ಹೆಣ್ಣಾಗಿ ಮುಗಿದೆ’ ಎಂದು ಒಳಗೊಳಗೇ ತೀರ್ಮಾನಿಸಿಬಿಡುತ್ತಾರೆ.

ಹೇಳಬೇಕಾದವರು ಯಾರು? ನನ್ನ ಪ್ರಕಾರ ನರ್ಸ್. ವಾರಗಟ್ಟಲೆ ಆಕೆಯ ನೋವು, ಸ್ರಾವ, ಉರಿಮೂತ್ರ ಎಲ್ಲ ಕೇಳಿದವರು ಅವರು. ಪರೀಕ್ಷೆಯ ಹೊತ್ತಿನಲ್ಲಿ ಕೈ ಹಿಡಿದು ನಿಂತವರೂ ಅವರೇ. ‘ಕರೆಂಟ್ ಆದಮೇಲೆ ತುಂಬಾ ಜನ ಯಜಮಾನ್ರ ಜೊತೆ ಸೇರೋಕೆ ಹೆದರ್ತಾರಮ್ಮ. ನಿಮಗೂ ಹಾಗೇನಾದ್ರೂ ಅನ್ಸುತ್ತಾ?’ ಪರದೆ ಎಳೆದು, ಮನೆಯವರನ್ನು ಹೊರಗೆ ಕೂರಿಸಿ ಇಷ್ಟು ಕೇಳಿದರೆ ಸಾಕು, ಬಾಗಿಲು ತೆರೆದಂತೆ. 1976ರಲ್ಲಿ ಮನಶ್ಶಾಸ್ತ್ರಜ್ಞ ಜ್ಯಾಕ್ ಆನನ್ ಮುಂದಿಟ್ಟ ‘ಪ್ಲಿಸಿಟ್’ ಎಂಬ ಕ್ರಮವನ್ನು ಇಂದಿಗೂ ಈ ಕೆಲಸಕ್ಕೆ ಬಳಸುತ್ತಾರೆ. ಅದರ ಮೊದಲ ಮೆಟ್ಟಿಲೇ ಮಾತಾಡಲು ಅನುಮತಿ ಕೊಡುವುದು. ಆಮೇಲೆ ಬೇಕಾದಷ್ಟು ಮಾಹಿತಿ, ಆಮೇಲೆ ಆಕೆಗೆ ಹೊಂದುವ ಸಲಹೆ. ತಜ್ಞರ ಚಿಕಿತ್ಸೆ ಕೊನೆಯ ಮೆಟ್ಟಿಲು, ಅಲ್ಲಿಯವರೆಗೆ ಹೋಗಬೇಕಾದವರು ಕಡಿಮೆ.

ಮಾಹಿತಿ ಎಂದರೆ ಮೊದಲು ಭಯ ಬಿಡಿಸುವುದು. ಸೇರಿದರೆ ಗಂಡನಿಗೆ ಕ್ಯಾನ್ಸರ್ ಅಂಟುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ ‘ಕರೆಂಟು’ ಮೈಯಲ್ಲಿ ಉಳಿದು ಇನ್ನೊಬ್ಬರಿಗೆ ತಗಲುವುದೂ ಇಲ್ಲ. ಈ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ ಸೇರುವುದರಿಂದಲೇ ಹರಡುವಂಥದಾದರೂ ತೀರಾ ಸಾಮಾನ್ಯವಾದದ್ದು. ವರ್ಷಗಟ್ಟಲೆ ಸುಮ್ನೆ ಮೈಯಲ್ಲಿ ಇರಬಲ್ಲದು. ಅದನ್ನು ಹಿಡಿದುಕೊಂಡು ಯಾರ ನಡತೆಯನ್ನೂ ಶಂಕಿಸುವಂತಿಲ್ಲ. ಈ ಒಂದು ಮಾತನ್ನು ಗಂಡನನ್ನೂ ಕೂರಿಸಿಕೊಂಡು ಹೇಳಿದರೆ ಎಷ್ಟು ಮನೆಗಳು ಉಳಿಯಬಹುದು!

ಇನ್ನು ಸಲಹೆ. ಡಯಲೇಟರ್ ಎಂದರೆ ಯೋನಿಯ ದಾರಿ ಕಿರಿದಾಗಿ ಮುಚ್ಚಿಕೊಳ್ಳದಂತೆ ಬಳಸುವ ನುಣುಪಾದ ಪ್ಲಾಸ್ಟಿಕ್ ಅಥವಾ ಸಿಲಿಕೋನ್ ಕಡ್ಡಿ, ಸಣ್ಣದರಿಂದ ದೊಡ್ಡದರವರೆಗೆ ಹಲವು ಗಾತ್ರಗಳಲ್ಲಿ ಸಿಗುತ್ತದೆ. ರೇಡಿಯೇಷನ್ ಮುಗಿದು ಕೆಲವು ವಾರವಾಗಿ ಒಳಗಿನ ಹುಣ್ಣು ಮಾಗಿದ ಮೇಲೆ, ಡಾಕ್ಟರು ಒಪ್ಪಿದರೆ ಶುರುಮಾಡುತ್ತಾರೆ. ಮಂಡಿ ಮಡಚಿ ಮಲಗಿ, ಜೆಲ್ಲಿ ಹಚ್ಚಿ, ನಿಧಾನವಾಗಿ ಒಳಗಿಡುವುದು. ಐದು ಹತ್ತು ನಿಮಿಷ, ವಾರಕ್ಕೆ ಎರಡು ಮೂರು ಸಲ. ಬಲವಂತ ಮಾಡಬಾರದು. ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ, ಜಾಸ್ತಿಯಾದರೆ ಆಸ್ಪತ್ರೆಗೆ ಬರಬೇಕು. ಇದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಆಗುವುದಿಲ್ಲ. ಕೈಯಲ್ಲಿ ಹಿಡಿದು ತೋರಿಸಬೇಕು, ನಾಚಿಕೆ ಇಳಿಯುವವರೆಗೆ ಕಾಯಬೇಕು. ಒಣಗುವುದಕ್ಕೆ ಹಾರ್ಮೋನ್ ಕ್ರೀಮ್ ಹಚ್ಚಬಹುದಾ ಎಂಬುದನ್ನು ಮಾತ್ರ ಡಾಕ್ಟರೇ ನಿರ್ಧರಿಸಬೇಕು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಆಗಿದ್ದರೆ ಅದರ ಲೆಕ್ಕವೇ ಬೇರೆ.

ಎಲ್ಲ ದಿನವೂ ಸೇರಲೇಬೇಕೆಂದಿಲ್ಲ. ಪಕ್ಕದಲ್ಲಿ ಮಲಗುವುದು, ತಲೆ ಸವರುವುದು, ಅಪ್ಪಿಕೊಳ್ಳುವುದು ಎಲ್ಲವೂ ಸಂಸಾರವೇ. ಇದನ್ನೂ ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಹೆದರಿದ ಗಂಡ ಹಾಸಿಗೆಯನ್ನೇ ಬೇರೆ ಮಾಡಿಬಿಡುತ್ತಾನೆ. ಹೆಂಡತಿ ಅದನ್ನು ತನ್ನ ಮೇಲಿನ ಅಸಹ್ಯ ಎಂದು ತಿಳಿಯುತ್ತಾಳೆ.

ಗಂಡ ತೀರಿಕೊಂಡವರಿಗೆ, ಮದುವೆಯಾಗದವರಿಗೆ, ವಯಸ್ಸಾದವರಿಗೆ ಇದೆಲ್ಲ ಯಾಕೆ ಎಂದು ಬಿಟ್ಟುಬಿಡುವುದುಂಟು. ಅದು ನನಗೆ ಬಹಳ ನೋವಿನ ಸಂಗತಿ. ಅವರ ಮನಸ್ಸಿನಲ್ಲಿ ಏನಿದೆ ಎಂದು ನಾವೇ ಊಹಿಸುವುದು ಸರಿಯಲ್ಲ. ಅದಕ್ಕಿಂತ ನೇರವಾದ ಕಾರಣವೂ ಇದೆ. ಚಿಕಿತ್ಸೆಯ ನಂತರ ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ ಡಾಕ್ಟರು ಒಳಗೆ ನೋಡಿ ಪರೀಕ್ಷಿಸುತ್ತಾರೆ, ಕಾಯಿಲೆ ಮರಳಿದೆಯಾ ಎಂದು. ದಾರಿ ಮುಚ್ಚಿಕೊಂಡಿದ್ದರೆ ನೋಡುವುದು ಹೇಗೆ? ಹಾಗಾಗಿ 65ರ ಅಜ್ಜಿಯ ಕೈಗೂ ಸಿಸ್ಟರ್ ಆ ಡಯಲೇಟರ್ ಕೊಟ್ಟು, ಪಕ್ಕದಲ್ಲಿ ಕೂತು, ಬಿಡಿಸಿ ಹೇಳಬೇಕು.