ಮೊದಲ ಹೋಮ್ ಮೀಡಿಯಾ ಸರ್ವರ್: ಎಲ್ಲಿ ಸಿಕ್ಕಿಕೊಳ್ಳುತ್ತದೆ, ಹೇಗೆ ಬಿಡಿಸುವುದು

ಈ ಟಿಪ್ಪಣಿಗೆ ಇಟ್ಟುಕೊಂಡಿರುವ ಜೋಡಣೆ ಇಷ್ಟು: ಮೂಲೆ ಸೇರಿದ್ದ ಒಂದು ಹಳೇ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು ಎಂಬ ಲಿನಕ್ಸ್, ಉಬುಂಟು ಮೇಲೆ ಜೆಲ್ಲಿಫಿನ್, ಯುಎಸ್‌ಬಿಗೆ ಸಿಕ್ಕಿಸಿದ 2 ಟಿಬಿ ಹಾರ್ಡ್ ಡಿಸ್ಕ್, ಹಾಲ್‌ನಲ್ಲಿ ಸ್ಮಾರ್ಟ್ ಟಿವಿ. ಡಿಸ್ಕ್‌ನಲ್ಲಿರುವ ಸಿನಿಮಾಗಳನ್ನು ಮನೆಯ ಟಿವಿ, ಫೋನ್‌ಗಳಿಗೆ ಹಂಚುವ ಮೀಡಿಯಾ ಸರ್ವರ್ ಈ ಜೆಲ್ಲಿಫಿನ್. 2018ರ ಡಿಸೆಂಬರ್‌ನಲ್ಲಿ ಎಂಬಿ ಎಂಬ ಇಂಥದ್ದೇ ಸರ್ವರ್‌ನಿಂದ ಕವಲೊಡೆದ ಮುಕ್ತ ತಂತ್ರಾಂಶ. ಇದೇ ಕೆಲಸ ಮಾಡುವ ಪ್ಲೆಕ್ಸ್ ಹಾಕಿಕೊಂಡವರಿಗೂ ಇಲ್ಲಿನ ಬಹುಪಾಲು ಹೊಂದುತ್ತದೆ. ಪೋರ್ಟ್, ಅಂದರೆ ವಿಳಾಸದ ಕೊನೆಗೆ ಸೇರುವ ಸಂಖ್ಯೆ, ಮಾತ್ರ ಬೇರೆ, ಜೆಲ್ಲಿಫಿನ್‌ಗೆ 8096, ಪ್ಲೆಕ್ಸ್‌ಗೆ 32400. ಕಮಾಂಡ್‌ಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಒತ್ತಿ.

ಮೊದಲು, ಯಾವ ಮೆಟ್ಟಿಲಲ್ಲಿ ಎಡವಿದೆ?

ಡಿಸ್ಕ್‌ನಲ್ಲಿರುವ ಫೈಲನ್ನು ಸರ್ವರ್ ಓದಬೇಕು, ಅದು ಕೊಟ್ಟದ್ದನ್ನು ರೌಟರ್ ಸಾಗಿಸಬೇಕು, ಬಂದದ್ದನ್ನು ಟಿವಿ ಬಿಡಿಸಿ ತೋರಿಸಬೇಕು. ಹೊಸಬರು ಏನೇ ಕೆಟ್ಟರೂ ಜೆಲ್ಲಿಫಿನ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ತೊಂದರೆ ಹೆಚ್ಚಾಗಿ ಅದರಲ್ಲಿ ಇರುವುದೇ ಇಲ್ಲ. ಅದರ ಹಿಂದಿನ ಡಿಸ್ಕ್‌ನಲ್ಲೋ ಮುಂದಿನ ಟಿವಿಯಲ್ಲೋ ಇರುತ್ತದೆ. ಹಾಗಾಗಿ ಮೂರು ಪರೀಕ್ಷೆ. ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲೇ ಲೋಕಲ್‌ಹೋಸ್ಟ್, ಕೋಲನ್, 8096 ಎಂದು ಕೊಟ್ಟು ನೋಡಿ. ಅಲ್ಲಿ ತೆರೆಯದಿದ್ದರೆ ಸರ್ವರ್ ಎದ್ದೇ ಇಲ್ಲ. ಅಲ್ಲಿ ತೆರೆದು, ಫೋನ್‌ನಲ್ಲಿ (ಲೋಕಲ್‌ಹೋಸ್ಟ್ ಬದಲು ಲ್ಯಾಪ್‌ಟಾಪಿನ ಐಪಿ ವಿಳಾಸ ಕೊಟ್ಟು) ತೆರೆಯದಿದ್ದರೆ ನೆಟ್‌ವರ್ಕ್. ಫೋನ್‌ನಲ್ಲಿ ಓಡುವ ಚಿತ್ರ ಟಿವಿಯಲ್ಲಿ ಮಾತ್ರ ತಡವರಿಸಿದರೆ, ಆ ಫೈಲಿಗೂ ಆ ಟಿವಿಗೂ ಹೊಂದುತ್ತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ.

ಲೈಬ್ರರಿ ಸೇರಿಸಿದೆ, ಒಳಗೆ ಏನೂ ಇಲ್ಲ

ಬಹುತೇಕರು ಮೊದಲು ಎಡವುವ ಜಾಗ ಇದೇ. ಫೈಲ್ ಮ್ಯಾನೇಜರ್‌ನಲ್ಲಿ ಸಿನಿಮಾಗಳೆಲ್ಲ ಕಾಣುತ್ತವೆ, ಜೆಲ್ಲಿಫಿನ್‌ಗೆ ಮಾತ್ರ ಒಂದೂ ಕಾಣುವುದಿಲ್ಲ. ಕಾರಣ, ಫೈಲ್ ಮ್ಯಾನೇಜರ್ ನಿಮ್ಮ ಹೆಸರಿನಲ್ಲಿ ಓಡುತ್ತದೆ, ಜೆಲ್ಲಿಫಿನ್ ಓಡುವುದು ‘ಜೆಲ್ಲಿಫಿನ್’ ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಡಿಸ್ಕ್ ಸಿಕ್ಕಿಸಿದೊಡನೆ ಅದು ‘ಮೀಡಿಯಾ’ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ ಕೂರುತ್ತದೆ, ಮತ್ತು ಆ ಫೋಲ್ಡರಿನ ಬಾಗಿಲು ನಿಮಗೊಬ್ಬರಿಗೇ ತೆರೆಯುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ, ಡಿಸ್ಕ್‌ಗೆ 777 ಅನುಮತಿ, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡಿ ಅಂತ. ಅದರಿಂದ ಇಲ್ಲಿ ಪ್ರಯೋಜನವಿಲ್ಲ. ಒಳಮನೆಯ ಬಾಗಿಲು ಹಾರು ಹೊಡೆದಿದ್ದರೇನು, ತಲೆಬಾಗಿಲಿಗೆ ಬೀಗ ಬಿದ್ದಿದೆ. ಒಂದು ಫೈಲ್ ಓದಬೇಕಾದರೆ ಆ ಫೈಲಿನ ಮೇಲೆ ಓದುವ ಅನುಮತಿ ಬೇಕು. ಜೊತೆಗೆ ಅದಕ್ಕೆ ಹೋಗುವ ದಾರಿಯ ಪ್ರತಿಯೊಂದು ಫೋಲ್ಡರಿನ ಮೇಲೂ ಒಳಹೊಗುವ ಅನುಮತಿ, ಅಂದರೆ ‘ಎಕ್ಸ್’, ಬೇಕು. ಸಿನಿಮಾಗಳನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಇಟ್ಟರೂ ಇದೇ ಕಥೆ: ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರ್ 750 ಅನುಮತಿಯಲ್ಲೇ ಹುಟ್ಟುತ್ತದೆ, ಹೊರಗಿನವರಿಗೆ ಪ್ರವೇಶವಿಲ್ಲ.

ಊಹೆ ಬೇಡ, ನೋಡಿಯೇ ತೀರ್ಮಾನಿಸಿ. ‘ನೇಮ್‌ಐ ಹೈಫನ್ ಎಲ್’ ಬರೆದು ಮುಂದೆ ಫೈಲಿನ ಪೂರ್ತಿ ದಾರಿ ಕೊಟ್ಟರೆ ದಾರಿಯ ಒಂದೊಂದು ಫೋಲ್ಡರಿನ ಅನುಮತಿಯೂ ಒಂದೊಂದು ಸಾಲಾಗಿ ಬರುತ್ತದೆ. ಎಡಗಡೆಯ ಒಂಬತ್ತು ಗುರುತುಗಳಲ್ಲಿ ಕೊನೆಯ ಮೂರು ‘ಇತರರಿಗೆ’ ಸೇರಿದವು. ಅಲ್ಲಿ ‘ಎಕ್ಸ್’ ಇಲ್ಲದೆ ಬರೀ ಗೀಟುಗಳಿರುವ ಮೊದಲ ಸಾಲೇ ತಡೆ. ಇನ್ನೂ ನೇರವಾಗಿ ಬೇಕಾದರೆ ‘ಸುಡೊ ಹೈಫನ್ ಯು ಜೆಲ್ಲಿಫಿನ್ ಎಲ್‌ಎಸ್’ ಎಂದು ಕೊಟ್ಟು ಫೋಲ್ಡರಿನ ದಾರಿ ಬರೆಯಿರಿ. ಜೆಲ್ಲಿಫಿನ್ ಕಣ್ಣಿನಿಂದಲೇ ನೋಡಿದಂತೆ.

ಪರಿಹಾರ: ಡಿಸ್ಕನ್ನು ಸ್ಥಿರವಾದ ಜಾಗದಲ್ಲಿ ಮೌಂಟ್ ಮಾಡುವುದು, ಅಂದರೆ ಒಂದು ಫೋಲ್ಡರಿಗೆ ಜೋಡಿಸುವುದು. ‘ಎಂಎನ್‌ಟಿ’ ಫೋಲ್ಡರಿನಲ್ಲಿ ‘ಸಿನಿಮಾ’ ಎಂಬ ಖಾಲಿ ಫೋಲ್ಡರ್ ಮಾಡಿ. ‘ಸುಡೊ ಬಿಎಲ್‌ಕೆಐಡಿ’ ಕೊಟ್ಟರೆ ಡಿಸ್ಕ್‌ನ ಗುರುತಿನ ಸಂಖ್ಯೆ, ಯುಯುಐಡಿ, ಸಿಗುತ್ತದೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂದು ಬರೆದಿಡುವ, ‘ಇಟಿಸಿ’ಯಲ್ಲಿರುವ ‘ಎಫ್‌ಎಸ್‌ಟ್ಯಾಬ್’ ಫೈಲಿಗೆ ಒಂದು ಸಾಲು ಸೇರಿಸಿ: ಯುಯುಐಡಿ, ಮೌಂಟ್ ಜಾಗ, ಫೈಲ್‌ಸಿಸ್ಟಮ್ ಬಗೆ, ಆಯ್ಕೆಗಳು, ಕೊನೆಗೆ ಎರಡು ಅಂಕಿ. ಆಯ್ಕೆಗಳಲ್ಲಿ ‘ನೋಫೇಲ್’ ಇರಲೇಬೇಕು. ಇಲ್ಲದಿದ್ದರೆ ಎಂದಾದರೂ ಡಿಸ್ಕ್ ಸಿಕ್ಕಿಸದೆ ಆನ್ ಮಾಡಿದಾಗ ಲ್ಯಾಪ್‌ಟಾಪ್ 90 ಸೆಕೆಂಡು ಕಾದು, ಎಮರ್ಜೆನ್ಸಿ ಮೋಡ್‌ಗೆ ಬಿದ್ದು ಅಲ್ಲೇ ನಿಲ್ಲುತ್ತದೆ. ಸಾಲು ಬರೆದ ಮೇಲೆ ರೀಬೂಟ್ ಮಾಡುವ ಮುಂಚೆ ‘ಸುಡೊ ಮೌಂಟ್ ಹೈಫನ್ ಎ’ ಕೊಡಿ. ತಪ್ಪಿದ್ದರೆ ಆಗಲೇ ಬೈಯುತ್ತದೆ.

ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್ ಡಿಸ್ಕ್ ಆದರೆ ಒಂದು ವ್ಯತ್ಯಾಸ ನೆನಪಿರಲಿ. ಈ ರೀತಿ ಮೌಂಟ್ ಆದ ಮೇಲೆ ಅನುಮತಿ ಬದಲಿಸುವ ಸಿಎಚ್‌ಮಾಡ್ ಕಮಾಂಡ್ ನಂಬಿಕೊಂಡು ಕೂರಬೇಡಿ. ಅನುಮತಿ ತೀರ್ಮಾನವಾಗುವುದು ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ. ಆಯ್ಕೆಗಳಲ್ಲಿ ‘ಯುಮಾಸ್ಕ್’ ಸಮ 022 ಎಂದಿಟ್ಟರೆ ಎಲ್ಲರೂ ಓದಬಹುದು, ಬರೆಯುವುದು ರೂಟ್‌ಗೆ, ಅಂದರೆ ಸುಡೊ ಮೂಲಕ, ಮಾತ್ರ. ಇನ್ನು ಡಿಸ್ಕ್ ಬರೀ ಓದಲಷ್ಟೇ ಸಿಗುತ್ತಿದ್ದರೆ, ಅಥವಾ ಮೌಂಟೇ ಆಗದಿದ್ದರೆ, ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಮೇಲೆ ಗುಮಾನಿ ಇಡಿ. ಅದು ಕಂಪ್ಯೂಟರನ್ನು ಪೂರ್ತಿ ಆರಿಸದೆ ಅರೆನಿದ್ರೆಯಲ್ಲಿ ಬಿಡುತ್ತದೆ, ಡಿಸ್ಕ್‌ನ ಲೆಕ್ಕ ಮುಗಿದಿರುವುದಿಲ್ಲ. ವಿಂಡೋಸ್‌ನಲ್ಲಿ ಅದನ್ನು ಆಫ್ ಮಾಡಿ, ಸರಿಯಾಗಿ ಶಟ್‌ಡೌನ್ ಮಾಡಿ, ಆಮೇಲೆ ಡಿಸ್ಕ್ ಕೀಳಿ. ಸರ್ವರ್‌ಗಷ್ಟೇ ಮೀಸಲಾದ ಡಿಸ್ಕ್ ಆದರೆ ಲಿನಕ್ಸ್‌ನದೇ ಆದ ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿಬಿಡುವುದು ನೆಮ್ಮದಿ.

ಜೆಲ್ಲಿಫಿನನ್ನು ಡಾಕರ್‌ನಲ್ಲಿ, ಅಂದರೆ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯೊಳಗೆ, ಹಾಕಿದವರಿಗೆ ಒಂದೇ ಮಾತು: ಕಂಟೇನರ್‌ಗೆ ನೀವು ಜೋಡಿಸಿಕೊಟ್ಟ ಫೋಲ್ಡರ್‌ಗಳಷ್ಟೇ ಗೊತ್ತು. ಲೈಬ್ರರಿ ಸೇರಿಸುವಾಗ ಕಂಟೇನರಿನ ಒಳಗಿನ ದಾರಿ ಕೊಡಿ, ಲ್ಯಾಪ್‌ಟಾಪಿನದಲ್ಲ.

ಫೋನ್‌ನಲ್ಲಿ ಪುಟ ತೆರೆಯುವುದಿಲ್ಲ

ಇದು ಬೇಗ ಮುಗಿಯುವ ಕೆಲಸ. ಫೋನ್ ಗೆಸ್ಟ್ ವೈಫೈನಲ್ಲಿದ್ದರೆ ಮನೆಯ ಬೇರೆ ಸಾಧನ ಅದಕ್ಕೆ ಕಾಣುವುದಿಲ್ಲ. ಮುಖ್ಯ ವೈಫೈಗೆ ಬನ್ನಿ. ಫೈರ್‌ವಾಲ್ ಹಾಕಿಕೊಂಡಿದ್ದರೆ ‘ಸುಡೊ ಯುಎಫ್‌ಡಬ್ಲ್ಯೂ ಅಲೋ 8096’ ಕೊಡಿ. ನಿನ್ನೆ ಬರುತ್ತಿತ್ತು, ಇವತ್ತು ಇಲ್ಲ ಎಂದಾದರೆ ರೌಟರ್ ಲ್ಯಾಪ್‌ಟಾಪ್‌ಗೆ ಹೊಸ ಐಪಿ ವಿಳಾಸ ಕೊಟ್ಟಿರುತ್ತದೆ. ರೌಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ನೆಟ್‌ವರ್ಕ್ ಚಿಪ್‌ನ ಗುರುತಿಗೆ, ಒಂದು ಐಪಿ ಕಾಯ್ದಿರಿಸಿಬಿಡಿ.

ಚಿತ್ರ ನಿಂತು ನಿಂತು ಓಡುತ್ತದೆ

ಇಲ್ಲಿ ನಿಧಾನವಾಗಿ ಓದಿ. ಜೆಲ್ಲಿಫಿನ್ ಒಂದು ಚಿತ್ರವನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಕೊಡುತ್ತದೆ. ಫೈಲ್ ಇದ್ದ ಹಾಗೇ ಕಳಿಸಿದರೆ ಡೈರೆಕ್ಟ್ ಪ್ಲೇ, ಸರ್ವರ್‌ಗೆ ಹೊರೆ ಇಲ್ಲ. ಒಳಗಿನ ಚಿತ್ರ-ಧ್ವನಿ ಹಾಗೇ ಇಟ್ಟು ಡಬ್ಬಿ ಮಾತ್ರ ಬದಲಿಸಿದರೆ ರೀಮಕ್ಸ್, ಅದೂ ಹಗುರ. ಚಿತ್ರವನ್ನೇ ಬಿಡಿಸಿ ಬೇರೆ ರೂಪಕ್ಕೆ ಕಟ್ಟಿದರೆ ಟ್ರಾನ್ಸ್‌ಕೋಡ್. ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುವುದು ಈ ಮೂರನೆಯದರಲ್ಲಿ.

ಚಿತ್ರ ಓಡುತ್ತಿರುವಾಗಲೇ ಇನ್ನೊಂದು ಸಾಧನದಲ್ಲಿ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆರೆಯಿರಿ. ಟಿವಿಯ ಹೆಸರಿರುವ ಚೌಕದಲ್ಲಿ ಮಾಹಿತಿಯ ಗುರುತು ಒತ್ತಿದರೆ ಯಾವ ಬಗೆಯಲ್ಲಿ ಹೋಗುತ್ತಿದೆ, ಟ್ರಾನ್ಸ್‌ಕೋಡ್ ಆದರೆ ಯಾಕೆ ಎಂದೂ ಬರೆದಿರುತ್ತದೆ. ಆ ಕಾರಣ ಓದದೆ ಮುಂದೆ ಹೋಗಬೇಡಿ.

ವಿಡಿಯೊ ಕೋಡೆಕ್ (ಚಿತ್ರವನ್ನು ಕುಗ್ಗಿಸಿ ಕಟ್ಟಿದ ವಿಧಾನ) ಹೊಂದುವುದಿಲ್ಲ ಎಂದಿದ್ದರೆ ಫೈಲ್ ಸಾಮಾನ್ಯವಾಗಿ ಎಚ್‌ಇವಿಸಿ ಅಥವಾ ಎವಿ1 ಆಗಿರುತ್ತದೆ, ಟಿವಿಗೆ ಅದು ಬರುವುದಿಲ್ಲ. ಆಡಿಯೊ ಕೋಡೆಕ್ ಎಂದಿದ್ದರೆ ಬಹುಶಃ ಡಿಟಿಎಸ್. ಧ್ವನಿ ಬದಲಿಸುವುದು ಚಿಕ್ಕ ಕೆಲಸ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬಿಟ್‌ರೇಟ್ (ಸೆಕೆಂಡಿಗೆ ಹರಿಯುವ ಮಾಹಿತಿ) ಮಿತಿ ಮೀರಿದೆ ಎಂದಿದ್ದರೆ ಟಿವಿ ಆಪ್‌ನ ಗುಣಮಟ್ಟದ ಸೆಟ್ಟಿಂಗ್‌ನಲ್ಲಿ ಯಾರೋ ಕಡಿಮೆ ಅಂಕಿ ಇಟ್ಟಿದ್ದಾರೆ, ಅದನ್ನು ಗರಿಷ್ಠಕ್ಕೆ ಏರಿಸಿ. ಸಬ್‌ಟೈಟಲ್ ಎಂದಿದ್ದರೆ ಅದರ ಕಥೆ ಮುಂದೆ ಇದೆ.

ಟ್ರಾನ್ಸ್‌ಕೋಡ್ ತಪ್ಪದಿದ್ದರೆ ಕೆಲಸವನ್ನು ಇಂಟೆಲ್ ಚಿಪ್‌ನಲ್ಲಿ ವಿಡಿಯೊಗೆಂದೇ ಇರುವ ಕ್ವಿಕ್ ಸಿಂಕ್ ಭಾಗಕ್ಕೆ ವಹಿಸಿ. ಜೆಲ್ಲಿಫಿನ್ ಬಳಕೆದಾರನನ್ನು ‘ರೆಂಡರ್’ ಗುಂಪಿಗೆ ಸೇರಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ, ಡ್ಯಾಶ್‌ಬೋರ್ಡ್‌ನ ಪ್ಲೇಬ್ಯಾಕ್ ಭಾಗದಲ್ಲಿ ಕ್ವಿಕ್ ಸಿಂಕ್ ಆರಿಸಿ. ಆಮೇಲೆ ಕೆಳಗೆ ಕೋಡೆಕ್‌ಗಳ ಪಟ್ಟಿ ಬರುತ್ತದೆ. ಆಸೆಬಿದ್ದು ಎಲ್ಲದಕ್ಕೂ ಟಿಕ್ ಹಾಕುವುದು ದೊಡ್ಡ ತಪ್ಪು. 6ನೇ ಪೀಳಿಗೆಯ ಇಂಟೆಲ್ ಎಚ್‌ಇವಿಸಿ 8 ಬಿಟ್ ಮಾತ್ರ ಸರಿಯಾಗಿ ಬಿಡಿಸುತ್ತದೆ, 10 ಬಿಟ್‌ಗೆ 7ನೇ ಪೀಳಿಗೆ ಬೇಕು, ಎವಿ1 ಬಿಡಿಸಲು 11ನೆಯದು. ಚಿಪ್‌ಗೆ ಬಾರದ್ದಕ್ಕೆ ಟಿಕ್ ಹಾಕಿದರೆ ಚಿತ್ರ ಶುರುವಾಗುವ ಮುಂಚೆಯೇ ಎರರ್ ಬಂದು ನಿಲ್ಲುತ್ತದೆ. ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್ ಕೊಂಡು ಇದೇ ಕೆಲಸಕ್ಕೆ ಇಡುವ ಯೋಚನೆ ಇದ್ದರೆ ಬಿಡಿ: ಅದರಲ್ಲಿ ವಿಡಿಯೊ ಕಟ್ಟುವ ಹಾರ್ಡ್‌ವೇರ್ ಎನ್‌ಕೋಡರೇ ಇಲ್ಲ. ಡೈರೆಕ್ಟ್ ಪ್ಲೇಗಷ್ಟೇ ಅದು ಚೆನ್ನ.

ಟ್ರಾನ್ಸ್‌ಕೋಡ್ ಆಗುತ್ತಿಲ್ಲ, ಆದರೂ ನಿಲ್ಲುತ್ತದೆ ಎಂದರೆ ಲೆಕ್ಕ ಹಾಕಿ. 2 ಗಂಟೆಯ ಚಿತ್ರ 8 ಜಿಬಿ ಇದ್ದರೆ ಅದು 64,000 ಮೆಗಾಬಿಟ್. 7,200 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 9 ಮೆಗಾಬಿಟ್. ಅದೇ 60 ಜಿಬಿಯ 4ಕೆ ಫೈಲ್ ಆದರೆ ಸರಾಸರಿಯೇ 67, ಹೊಡೆದಾಟದ ದೃಶ್ಯಗಳಲ್ಲಿ 100 ದಾಟುತ್ತದೆ. ಎಷ್ಟೋ ಟಿವಿಗಳ ಕೇಬಲ್ ಪೋರ್ಟ್ 100 ಮೆಗಾಬಿಟ್‌ಗೇ ಸೀಮಿತ, ಅಂಥ ಕಡೆ 5 ಗಿಗಾಹರ್ಟ್ಸ್ ವೈಫೈ ವಾಸಿ. ಯುಎಸ್‌ಬಿ 2 ಪೋರ್ಟ್ ನಿಧಾನವಾಯಿತೇನೋ ಎಂದು ಡಿಸ್ಕ್ ಬದಲಿಸುವವರಿದ್ದಾರೆ. ಒಬ್ಬರು ನೋಡುವ ಚಿತ್ರಕ್ಕೆ ಅದು ಧಾರಾಳ ಸಾಕು. ಬದಲಿಗೆ ಲ್ಯಾಪ್‌ಟಾಪನ್ನು ವೈಫೈನಿಂದ ಬಿಡಿಸಿ ರೌಟರ್‌ಗೆ ಕೇಬಲ್ ಎಳೆಯಿರಿ. ಲ್ಯಾಪ್‌ಟಾಪೂ ಟಿವಿಯೂ ಒಂದೇ ವೈಫೈನಲ್ಲಿದ್ದರೆ ಒಂದೇ ಚಿತ್ರ ಒಂದೇ ಗಾಳಿಯಲ್ಲಿ ಎರಡು ಸಲ ಹಾರಬೇಕು, ಸಿಗುವ ವೇಗ ಅರ್ಧಕ್ಕಿಳಿಯುತ್ತದೆ. ಕೇಬಲ್ ಹಾಕಿದ ಮೇಲೆ ‘ಇಥ್‌ಟೂಲ್’ನಲ್ಲಿ ವೇಗ ನೋಡಿ. ಎರಡೂ ತುದಿ ಗಿಗಾಬಿಟ್ ಆಗಿದ್ದೂ 1000 ಬದಲು 100 ತೋರಿಸಿದರೆ ಕೇಬಲ್‌ನ ನಾಲ್ಕು ಜೋಡಿ ತಂತಿಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ. ತುದಿಯನ್ನು ಮತ್ತೆ ಕ್ರಿಂಪ್ ಮಾಡಿಸಿ.

ಸಬ್‌ಟೈಟಲ್, ಅದರಲ್ಲೂ ಕನ್ನಡದ್ದು

ಬ್ಲೂ-ರೇ ಮೂಲದ ಪಿಜಿಎಸ್, ಡಿವಿಡಿ ಮೂಲದ ವೋಬ್‌ಸಬ್ ಅಕ್ಷರಗಳಲ್ಲ, ಚಿತ್ರಗಳು. ಪ್ಲೇಯರ್‌ಗೆ ಅದನ್ನು ತೋರಿಸಲು ಬಾರದಿದ್ದರೆ ಸರ್ವರ್ ಪ್ರತಿ ಫ್ರೇಮಿನ ಮೇಲೂ ಅದನ್ನು ಅಚ್ಚೊತ್ತಿ ಕಳಿಸಬೇಕು, ಅಂದರೆ ಇಡೀ ಚಿತ್ರದ ಟ್ರಾನ್ಸ್‌ಕೋಡ್. ಸಬ್‌ಟೈಟಲ್ ಆಫ್ ಮಾಡಿದೊಡನೆ ಚಿತ್ರ ಸರಾಗವಾದರೆ ಕಾರಣ ಇದೇ. ಅಕ್ಷರರೂಪದ ಎಸ್‌ಆರ್‌ಟಿ ಫೈಲ್ ಹುಡುಕಿ ಹಾಕಿಕೊಳ್ಳಿ. ಅದರ ಹೆಸರು ವಿಡಿಯೊ ಹೆಸರಿನಂತೆಯೇ ಇರಲಿ, ಕೊನೆಗೆ ಚುಕ್ಕಿ ‘ಕೆಎನ್’ ಚುಕ್ಕಿ ‘ಎಸ್‌ಆರ್‌ಟಿ’ ಎಂದಿದ್ದರೆ ಕನ್ನಡ ಎಂದು ತಾನೇ ಗುರುತಿಸುತ್ತದೆ.

ಕನ್ನಡದಲ್ಲಿ ಎರಡು ಬಗೆಯ ಎಡವಟ್ಟು. ಪರದೆಯ ಮೇಲೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀರು ಹೊತ್ತ ಎ, ಅದರ ಪಕ್ಕ ಬ್ರಿಟನ್ನಿನ ಪೌಂಡ್ ಚಿಹ್ನೆ ಕಂಡರೆ ಆ ಫೈಲ್ ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಆದದ್ದು. ‘ಕನ್ನಡ’ ಎಂಬ ಪದ ಅದರಲ್ಲಿ ಶುರುವಾಗುವುದೇ ಹಾಗೆ. ಆಸ್ಕಿಯಿಂದ ಯುನಿಕೋಡ್‌ಗೆ ಪರಿವರ್ತಿಸುವ ಸಾಧನದಲ್ಲಿ ಹಾಯಿಸಿ, ಯುಟಿಎಫ್-8 ಆಗಿ ಉಳಿಸಿ. ಪರಿವರ್ತಕ ಸಮಯದ ಸಾಲುಗಳ ಅಂಕಿ, ಬಾಣದ ಗುರುತುಗಳನ್ನು ಕೆಡಿಸಿಲ್ಲವೇ ಎಂದೂ ನೋಡಿಕೊಳ್ಳಿ. ಇನ್ನೊಂದು, ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು. ಸರ್ವರ್ ಅಚ್ಚೊತ್ತುತ್ತಿರುವಾಗ ಹೀಗಾದರೆ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಫಾಂಟೇ ಇಲ್ಲ. ‘ಫಾಂಟ್ಸ್-ನೋಟೊ-ಕೋರ್’ ಇನ್‌ಸ್ಟಾಲ್ ಮಾಡಿದರೆ ಸಾಕು. ಗುಬ್ಬಿ, ನವಿಲು ಫಾಂಟ್‌ಗಳೂ ಉಬುಂಟು ಭಂಡಾರದಲ್ಲೇ ಇವೆ.

ಪೋಸ್ಟರ್ ಯಾವುದೋ, ಚಿತ್ರ ಯಾವುದೋ

ಫೋಲ್ಡರ್ ಹೆಸರಿನಲ್ಲಿ ಇಸವಿ ಇಲ್ಲದಿದ್ದರೆ ಹೀಗಾಗುತ್ತದೆ. ‘ಗಂಧದ ಗುಡಿ’ ಎಂದಷ್ಟೇ ಬರೆದರೆ 1973ರ ರಾಜ್‌ಕುಮಾರ್ ಚಿತ್ರವೋ 2022ರ ಪುನೀತ್ ಅವರದ್ದೋ ಸರ್ವರ್‌ಗೆ ಹೇಗೆ ಗೊತ್ತಾಗಬೇಕು? ಒಂದೊಂದು ಚಿತ್ರಕ್ಕೆ ಒಂದೊಂದು ಫೋಲ್ಡರ್, ಹೆಸರಿನ ಕೊನೆಗೆ ಆವರಣದಲ್ಲಿ ಇಸವಿ, ಒಳಗಿನ ಫೈಲಿಗೂ ಅದೇ ಹೆಸರು. ಹೆಸರು ಇಂಗ್ಲಿಷ್ ಲಿಪಿಯಲ್ಲಿದ್ದರೆ ಹುಡುಕಾಟ ಸುಲಭ. ಲೈಬ್ರರಿಯ ಮಾಹಿತಿ ಭಾಷೆಯನ್ನು ಕನ್ನಡಕ್ಕಿಟ್ಟು ಕಥಾಸಾರ ಖಾಲಿ ಬಂದರೆ ಗಾಬರಿ ಬೇಡ, ಆ ಚಿತ್ರಕ್ಕೆ ಯಾರೂ ಕನ್ನಡದಲ್ಲಿ ಬರೆದು ಸೇರಿಸಿಲ್ಲ ಅಷ್ಟೆ.

ಊರಾಚೆಯಿಂದ ನೋಡಬೇಕು

ಹೊರದೇಶದಲ್ಲಿರುವ ಮಕ್ಕಳು ಮನೆಯ ಮದುವೆ ವಿಡಿಯೊ ನೋಡಬೇಕು ಎಂದಾಗ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನ ಕೋರಿಕೆಯನ್ನು ಲ್ಯಾಪ್‌ಟಾಪ್‌ಗೆ ದಾಟಿಸಿದರೂ) ತೆರೆಯದೆ ಪೇಚಾಡುವವರು ಬಹಳ. ರೌಟರ್‌ನ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ: ಒಂದೇ ಹೊರವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿವೆ, ಫಾರ್ವರ್ಡ್ ಮಾಡಿ ಫಲವಿಲ್ಲ. ದೂರದ ಸಾಧನಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲ್ ಅನ್ನು ಲ್ಯಾಪ್‌ಟಾಪ್‌ಗೂ ನೋಡುವವರ ಸಾಧನಕ್ಕೂ ಹಾಕಿ. ಅದು ಲ್ಯಾಪ್‌ಟಾಪ್‌ಗೆ ಕೊಟ್ಟ ವಿಳಾಸದ ಕೊನೆಗೆ ಕೋಲನ್, 8096 ಸೇರಿಸಿದರೆ ಆಯಿತು. ಸಿಜಿನ್ಯಾಟ್ ಇಲ್ಲದಿದ್ದರೂ 8096 ಅನ್ನು ಇಂಟರ್ನೆಟ್‌ಗೆ ಹಾಗೇ ತೆರೆದಿಡಬೇಡಿ, ಅದರ ಮೇಲೆ ಪಾಸ್‌ವರ್ಡ್ ಸಹ ಗುಪ್ತಲಿಪಿಯಿಲ್ಲದೆ ಹರಿಯುತ್ತದೆ. ಹೊರಗೆ ಎಷ್ಟು ಚೆನ್ನಾಗಿ ಓಡುತ್ತದೆ ಎಂಬುದು ನಿಮ್ಮ ಮನೆಯ ಅಪ್‌ಲೋಡ್ ವೇಗಕ್ಕೆ ಬಿಟ್ಟದ್ದು.

ಮುಚ್ಚಳ, ಕರೆಂಟು, ಡಿಸ್ಕ್

ಲ್ಯಾಪ್‌ಟಾಪ್ ಮುಚ್ಚಿದೊಡನೆ ಸರ್ವರ್ ಮಲಗಿದರೆ ‘ಇಟಿಸಿ’ ಒಳಗಿನ ‘ಸಿಸ್ಟಮ್‌ಡಿ’ ಫೋಲ್ಡರಿನ ‘ಲಾಗಿನ್‌ಡಿ’ ಕಾನ್ಫ್ ಫೈಲ್ ತೆರೆದು, ‘ಹ್ಯಾಂಡಲ್-ಲಿಡ್-ಸ್ವಿಚ್’ ಸಾಲಿನ ಆರಂಭದ ಹ್ಯಾಶ್ ಅಳಿಸಿ, ಬೆಲೆ ‘ಇಗ್ನೋರ್’ ಎಂದು ಮಾಡಿ ರೀಬೂಟ್ ಮಾಡಿ. ಆ ಸಾಲಿನಲ್ಲಿ ಮೂರು ಪದದ ಮೊದಲಕ್ಷರ ಮಾತ್ರ ದೊಡ್ಡದು, ನಡುವೆ ಜಾಗವಿಲ್ಲ. ಉಬುಂಟು ಸೆಟ್ಟಿಂಗ್ಸ್‌ನ ಪವರ್ ಭಾಗದಲ್ಲೂ ಆಟೊ ಸಸ್ಪೆಂಡ್ ಆಫ್ ಮಾಡಿ. ಬ್ಯಾಟರಿ ಉಬ್ಬಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಅಂದೇ ತೆಗೆಸಿ.

ಸಿನಿಮಾ ನಡುವೆ ಡಿಸ್ಕ್ ಮಾಯವಾಗುತ್ತಿದ್ದರೆ ‘ಸುಡೊ ಡಿಎಂಇಎಸ್‌ಜಿ’ ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಯುಎಸ್‌ಬಿ ಡಿಸ್‌ಕನೆಕ್ಟ್ ಎಂದಿದ್ದರೆ ವಿದ್ಯುತ್ ಸಾಲದು ಅಥವಾ ಕೇಬಲ್ ಸಡಿಲ: ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿನ ಪೋರ್ಟ್‌ಗೇ ಸಿಕ್ಕಿಸಿ, ಗಿಡ್ಡ ಕೇಬಲ್ ಹಾಕಿ. 3.5 ಇಂಚಿನ ಡಿಸ್ಕ್ ಆದರೆ ಅದಕ್ಕೆ 12 ವೋಲ್ಟ್ ಅಡಾಪ್ಟರ್ ಬೇಕೇ ಬೇಕು, ಮತ್ತು ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಿಂತರೂ ಈ ಡಿಸ್ಕ್ ಆ ಕ್ಷಣವೇ ಆರುತ್ತದೆ. ರೌಟರ್‌ಗೆ ಹಾಕಿದ ಯುಪಿಎಸ್‌ಗೇ ಇದನ್ನೂ ಸೇರಿಸಿ, ಅದು ಎಷ್ಟು ವ್ಯಾಟ್ ತಡೆಯುತ್ತದೆ ಎಂದು ನೋಡಿಕೊಂಡು. ಸಾಲುಗಳಲ್ಲಿ ಐ/ಒ ಎರರ್ ಎಂದೇ ಮತ್ತೆ ಮತ್ತೆ ಬರುತ್ತಿದ್ದು ಕೇಬಲ್ ಬದಲಿಸಿದರೂ ನಿಲ್ಲದಿದ್ದರೆ, ಸಿನಿಮಾ ನೋಡುವುದು ಆಮೇಲೆ; ಮೊದಲು ಮದುವೆ ವಿಡಿಯೊಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ.