ಕತ್ತಲಿನ ಹತ್ತು ರಾತ್ರಿ: ನಾಡದೋಣಿ ಮತ್ತು ಬೆಳಕು ಮೀನುಗಾರಿಕೆಯ ಜಗಳ ಹುಟ್ಟಿದ್ದು ಹೇಗೆ?

ಕಾರ್ತಿಕದಿಂದ ಮಾಘದವರೆಗಿನ ನಾಲ್ಕು ತಿಂಗಳು ಕರಾವಳಿಯ ನಾಡದೋಣಿಗಳಿಗೆ, ಅಂದರೆ ದಡದ ಬಳಿ ಮೀನು ಹಿಡಿಯುವ ಸಣ್ಣ ದೋಣಿಗಳಿಗೆ, ಸುಗ್ಗಿ. ಮಳೆಗಾಲದಲ್ಲಿ ತಳದ ತಂಪು ನೀರು ಮೇಲೆದ್ದು ಬರುವುದರಿಂದ ದಡದ ಬಳಿ ಮೀನಿಗೆ ಮೇವು ಬೆಳೆದಿರುತ್ತದೆ. ಬೂತಾಯಿ, ಬಂಗುಡೆಗಳು ಹಿಂಡುಗಟ್ಟಿ ಅಲ್ಲೇ ಸುಳಿಯುತ್ತವೆ. ಬೆಳಗಿನ ಜಾವದ ಮೂಡಣ ಗಾಳಿಗೆ ಕಡಲು ತಣ್ಣಗೆ ಮಲಗಿರುತ್ತದೆ. ಆದರೆ ರಾತ್ರಿ ಪ್ರಖರ ದೀಪ ತೋರಿಸಿ ಮೀನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಯ ವಿರುದ್ಧ ಮನವಿ, ಮೆರವಣಿಗೆ, ನಡುಗಡಲಿನ ಜಟಾಪಟಿಗಳ ಸುದ್ದಿ ಬರುವುದೂ ಇದೇ ತಿಂಗಳುಗಳಲ್ಲಿ. 2017ರಲ್ಲೇ ನಿಷೇಧವಾದ ಕಸುಬಿನ ಬಗ್ಗೆ ಇಂದಿಗೂ ಯಾಕೆ ಗಲಾಟೆ ಎಂದು ಊರೊಳಗಿನವರು ಕೇಳುವುದು ಸಹಜ.

ಮೂಲ ಹಳೆಯದು. ಒಂದು ಕಾಲಕ್ಕೆ ಚಳಿಗಾಲದ ಬಂಗುಡೆ ಎಂದರೆ ರಂಪಣಿ. ದೊಡ್ಡ ದೋಣಿಯಲ್ಲಿ ಬಲೆ ಒಯ್ದು ಹಿಂಡನ್ನು ಸುತ್ತುಗಟ್ಟಿ, ಎರಡೂ ತುದಿಗಳನ್ನು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಮೀನು ದಡಕ್ಕೆ ಬಂದರೆ ಊಟ, ಬಾರದಿದ್ದರೆ ಇಲ್ಲ. ಎಪ್ಪತ್ತರ ದಶಕದ ನಡುವೆ ಮಂಗಳೂರು ಕಡೆಯಿಂದ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮುನ್ನವೇ ಹಿಂಡನ್ನು ಸುತ್ತುವರಿದು, ಬಲೆಯ ಅಡಿಯ ಹಗ್ಗವನ್ನು ಚೀಲದ ಬಾಯಿಯಂತೆ ಬಿಗಿಯುವ ವಿಧಾನ ಅವುಗಳದು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ದಡದ ಬಳಿಯ ನೀರನ್ನು ನಾಡದೋಣಿಗಳಿಗೆ ಕಾಯ್ದಿರಿಸಿತು. ಕಾಯ್ದೆ ಗೆರೆ ಎಳೆದದ್ದು ದೂರಕ್ಕೆ, ಇಂದಿನ ಜಗಳ ಇರುವುದು ಹೊತ್ತಿಗೆ. ತೊಡಕೆಲ್ಲ ಇಲ್ಲಿದೆ.

ನಾಡದೋಣಿಯವರ ಮುಖ್ಯ ಆಯುಧ ಕಂತಬಲೆ. ಇದು ಹಿಂಡನ್ನು ಸುತ್ತುವುದಿಲ್ಲ, ನೀರಲ್ಲಿ ಪರದೆಯಂತೆ ನಿಲ್ಲುತ್ತದೆ. ಮೀನು ತಾನಾಗಿ ಬಂದು ಬಲೆಯ ಕಣ್ಣಿಗೆ ತಲೆ ತೂರಿಸಬೇಕು, ಕಿವಿರಿಗೆ ನೂಲು ಸಿಕ್ಕಬೇಕು. ಹಾಗಾಗಿ ಕಣ್ಣಿನ ಅಳತೆಯೇ ಎಲ್ಲ: ಎಳೆದು ಹಿಡಿದಾಗ ಬೂತಾಯಿಗೆ 36 ಮಿ.ಮೀ. ಆಸುಪಾಸು, ಬಂಗುಡೆಗೆ 50 ಮಿ.ಮೀ. ಆಸುಪಾಸು. ಮರಿ ನುಸುಳಿ ಹೋಗುತ್ತದೆ, ತೀರಾ ದೊಡ್ಡದು ಮೂತಿ ತಾಗಿಸಿ ತಿರುಗುತ್ತದೆ. ಬಲೆ ಕಟ್ಟುವಾಗ ನೂರು ಮೀಟರ್ ಜಾಲವನ್ನು ಸುಮಾರು ಐವತ್ತು ಮೀಟರ್ ಹಗ್ಗಕ್ಕೆ ಸೇರಿಸುತ್ತಾರೆ. ಬಿಗಿ ಹೆಚ್ಚಾದರೆ ಕಣ್ಣು ಅಡ್ಡಕ್ಕೆ ಅಗಲಿಸಿ ಮೀನು ಪುಟಿದು ಹೋಗುತ್ತದೆ. ಸಡಿಲ ಹೆಚ್ಚಾದರೆ ಸುತ್ತಿಕೊಂಡು ಗಂಟಾಗಿ, ಬಿಡಿಸುವಷ್ಟರಲ್ಲಿ ಬೆಳಗಾಗುತ್ತದೆ.

ಮುಸ್ಸಂಜೆಗೆ ನೀರಿನ ಸೆಳೆತಕ್ಕೆ ಅಡ್ಡಲಾಗಿ ಬಲೆ ಬಿಡುತ್ತಾರೆ. ಒಂದು ತುದಿಯಲ್ಲಿ ಮಿಣುಕು ದೀಪ ಕಟ್ಟಿದ ತೇಲು, ಇನ್ನೊಂದು ತುದಿಯಲ್ಲಿ ದೋಣಿ. ಎರಡು ಮೂರು ತಾಸು ಬಿಟ್ಟು ಒಬ್ಬ ತೇಲಿನ ಹಗ್ಗ, ಇನ್ನೊಬ್ಬ ಸೀಸದ ಹಗ್ಗ ಹಿಡಿದು ಎಳೆಯುತ್ತಾರೆ. ಹೆಚ್ಚು ಹೊತ್ತು ಬಿಟ್ಟರೆ ಏಡಿ ಕಚ್ಚಿ ಮೀನೂ ಹಾಳು, ಬಲೆಯೂ ಹಾಳು. ಕಣ್ಣಿಗೆ ಸಿಕ್ಕ ಮೀನನ್ನು ಬಾಲ ಹಿಡಿದು ಹಿಂದಕ್ಕೆ ಜಗ್ಗಬಾರದು, ಕಿವಿರು ಹರಿದು ರಕ್ತ ಸೋರಿ ಬೇಗ ಕೆಡುತ್ತದೆ. ಸಣ್ಣ ಮೀನಾದರೆ ತಲೆಯ ಕಡೆಗೇ ನೂಕಿ ದಾಟಿಸಬೇಕು. ಸೀಮೆಎಣ್ಣೆ ಎಂಜಿನ್ನಿಗೂ ಒಂದು ಶಿಸ್ತಿದೆ. ಪೆಟ್ರೋಲಿನಲ್ಲಿ ಶುರುಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬರಬೇಕು. ಇಲ್ಲದಿದ್ದರೆ ಪ್ಲಗ್ಗಿಗೆ ಮಸಿ ಕಟ್ಟಿ, ಬಲೆ ಎಳೆದ ಮೇಲೆ ಎಂಜಿನ್ ಏಳುವುದಿಲ್ಲ.

ಇಷ್ಟೆಲ್ಲ ಫಲ ಕೊಡುವುದು ಕತ್ತಲಲ್ಲಿ. ಬೆಳದಿಂಗಳಿದ್ದರೆ ಬಲೆ ಮೀನಿನ ಕಣ್ಣಿಗೆ ಬೀಳುತ್ತದೆ. ಬಹುಳ ದಶಮಿಯ ಹೊತ್ತಿನಿಂದ ಶುದ್ಧ ಪಂಚಮಿಯವರೆಗೆ ಸುಮಾರು ಹತ್ತು ರಾತ್ರಿ ಒಳ್ಳೆಯವು. ಕಗ್ಗತ್ತಲಲ್ಲಿ ಹಿಂಡು ಹಾದುಹೋದರೆ ನೀರು ಹಸಿರಾಗಿ ಮಿನುಗುತ್ತದೆ, ಅನುಭವಸ್ಥರು ಆ ಮಿನುಗು ನೋಡಿಯೇ ಮೀನಿರುವ ಜಾಗ ಹೇಳುತ್ತಾರೆ. ನಾಲ್ಕು ಅಮಾವಾಸ್ಯೆಗೆ ನಲವತ್ತು ರಾತ್ರಿ. ವರ್ಷದ ಬಲೆ ಸಾಲ ತೀರಬೇಕಾದದ್ದು ಬಹುಪಾಲು ಇವುಗಳಲ್ಲೇ.

ಬೆಳಕು ಮೀನುಗಾರಿಕೆಗೂ ಬೇಕಾದದ್ದು ಇದೇ ರಾತ್ರಿಗಳು. ಬೋಟಿನ ಜನರೇಟರಿನಿಂದ ಪ್ರಖರ ದೀಪ ಉರಿಸಿ ನೀರಿಗೆ ಹಾಯಿಸುತ್ತಾರೆ. ಮೊದಲು ಸೂಕ್ಷ್ಮ ಜೀವಿಗಳು, ಅವನ್ನು ತಿನ್ನಲು ಸಣ್ಣ ಮೀನು, ಅದರ ಬೆನ್ನಿಗೆ ಬಂಗುಡೆ, ಬೊಂಡಾಸ (ಸ್ಕ್ವಿಡ್) ಹೀಗೆ ಸಾಲಾಗಿ ಸೇರುತ್ತವೆ. ಸಾಕಷ್ಟು ಸೇರಿದ ಮೇಲೆ ಪರ್ಸೀನ್ ಬಲೆ ಸುತ್ತುತ್ತದೆ. ಹುಣ್ಣಿಮೆಯಂದು ದೀಪಕ್ಕೆ ಈ ಸೆಳೆತ ಇರುವುದಿಲ್ಲ. ಎಲ್‌ಇಡಿ ಬಂದ ಮೇಲೆ ಕಡಿಮೆ ಡೀಸೆಲ್‌ಗೆ ಹೆಚ್ಚು ಬೆಳಕು ಸಿಗತೊಡಗಿತು. ಕಂತಬಲೆಯ ಕಣ್ಣು ಮರಿಯನ್ನು ಬಿಡುತ್ತದೆ, ದೀಪ ಯಾರನ್ನೂ ಆರಿಸುವುದಿಲ್ಲ. ಮಳೆಗಾಲದಲ್ಲಿ ಹುಟ್ಟಿದ ಬೂತಾಯಿ ಚಳಿಗಾಲಕ್ಕೆ ಇನ್ನೂ ಮರಿಯೇ ಎಂಬುದನ್ನು ನೆನೆದರೆ ನಷ್ಟ ಯಾವ ಬಗೆಯದು ಎಂದು ತಿಳಿಯುತ್ತದೆ. ದೊಡ್ಡ ಬೋಟಿನವರಿಗೂ ಸಾಲವಿದೆ, ಡೀಸೆಲ್ ಬಿಲ್ಲಿದೆ, ಹಗಲಲ್ಲಿ ಹುಡುಕಿದರೆ ಹಿಂಡು ಸಿಗದ ದಿನಗಳೂ ಇವೆ. ಆ ಸಂಕಟವನ್ನು ಮರೆತು ಈ ಜಗಳವನ್ನು ಅಳೆಯಲಾಗದು.

2017ರ ನವೆಂಬರ್ 10ರಂದು ಕೇಂದ್ರ ಸರ್ಕಾರ ದೇಶಕ್ಕೆ ಮೀನುಗಾರಿಕೆಯ ಹಕ್ಕಿರುವ ಕಡಲಿನಲ್ಲಿ, ಅಂದರೆ ಅನನ್ಯ ಆರ್ಥಿಕ ವಲಯದಲ್ಲಿ (ಇಇಝಡ್), ಬೆಳಕು ಮೀನುಗಾರಿಕೆಯನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್‌ಟ್ರಾಲನ್ನೂ ನಿಷೇಧಿಸಿತು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ಒಳಗಿನ ನೀರು ರಾಜ್ಯದ್ದು, ಆಚೆಯದು ಕೇಂದ್ರದ್ದು. ನಿಯಮ ಎರಡೂ ಕಡೆ ಇದೆ. ಕಷ್ಟ ಇರುವುದು ಹಿಡಿಯುವುದರಲ್ಲಿ. ಬಂದರಿಗೆ ಬಂದ ಬಂಗುಡೆಯನ್ನು ನೋಡಿ ಅದು ದೀಪಕ್ಕೆ ಬಂದದ್ದೋ ಅಲ್ಲವೋ ಎಂದು ಹೇಳಲಾಗದು. ಡೆಕ್ಕಿನ ಕೆಲಸಕ್ಕೂ ದೀಪ ಬೇಕು, ದೀಪಕ್ಕೆ ವಿದ್ಯುತ್ ಬೇಕು. ಅಪರಾಧ ಸಾಬೀತಾಗಬೇಕಾದರೆ ಅಮಾವಾಸ್ಯೆಯ ನಡುರಾತ್ರಿ, ದೀಪ ಉರಿಯುತ್ತಿರುವಾಗಲೇ ಗಸ್ತು ದೋಣಿ ಅಲ್ಲಿರಬೇಕು. ಅದು ದೂರದಿಂದ ಕಂಡ ಕೂಡಲೇ ಸ್ವಿಚ್ ಆರಿಸಿದರೆ ಮುಗಿಯಿತು.

ನಾಡದೋಣಿಯವರ ಇನ್ನೊಂದು ದೂರೂ ಇದೇ ಕತ್ತಲಿನದು. ಬಿಟ್ಟ ಬಲೆಯ ಮೇಲೆ ಬೋಟು ಹಾದರೆ ತೇಲಿನ ಹಗ್ಗ ತುಂಡಾಗಿ ಬಲೆ ಹರಿದು ಹೋಗುತ್ತದೆ. ಯಾವ ಬೋಟು, ಯಾವ ನಂಬರು ಎಂದು ದೂರು ಬರೆದುಕೊಳ್ಳುವಾಗ ಕೇಳುತ್ತಾರೆ. ಆ ಹೊತ್ತಿನಲ್ಲಿ ಕಂಡದ್ದು ಬೋಟಿನ ಎರಡು ಬದಿಯ ಒಂದು ಕೆಂಪು ದೀಪ, ಒಂದು ಹಸಿರು ದೀಪ ಅಷ್ಟೇ. ಬಲೆಯ ದೀಪ ಸಣ್ಣದು, ಅಲೆಯ ಮರೆಯಲ್ಲಿ ಕಾಣಲಿಲ್ಲ ಎಂಬ ಮಾತನ್ನು ಸುಳ್ಳೆನ್ನುವುದೂ ಕಷ್ಟ. ಉಡುಪಿ ಜಿಲ್ಲೆಯ ಮರವಂತೆ, ಕೊಡೇರಿ, ಉಪ್ಪುಂದದ ದಡಗಳಲ್ಲಿ ಚಳಿಗಾಲದ ಬೆಳಗ್ಗೆ ಹರಿದ ಬಲೆ ಹರಡಿಕೊಂಡು, ಕಾಲ ಹೆಬ್ಬೆರಳಿಗೆ ಕಣ್ಣು ಸಿಕ್ಕಿಸಿ ನೂಲು ಹಾಕುತ್ತ ಕೂತಿರುತ್ತಾರೆ. ಮಾಘದ ಅಮಾವಾಸ್ಯೆ ದಾಟಿ ಬಂಗುಡೆ ಆಳಕ್ಕೆ ಸರಿದ ಮೇಲೆ ಆ ಬಲೆ ಅಟ್ಟ ಸೇರುತ್ತದೆ, ದೋಣಿಗಳು ನಂಗು ಮೀನು, ಸಿಗಡಿಯ ಬಲೆಗೆ ತಿರುಗುತ್ತವೆ.