ಕಮ್ಮಾರ ಉದುರಿಸಿದ ಹೊಟ್ಟು

ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಕಾಪರ್‌ಗೇಟ್ ಅಂತ ಒಂದು ಬೀದಿ ಇದೆ. ಹೆಸರು ಕೇಳಿದ ಕೂಡಲೇ ‘ಓ, ತಾಮ್ರದ ಕೆಲಸದವರ ಬೀದಿ’ ಅಂದುಬಿಡ್ತಾರೆ, ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಅದು ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರ ಭಾಷೆಯ ಹೆಸರು ಸ್ವಾಮಿ, ಮರದ ಬಟ್ಟಲು ಮಾಡೋರ ಬೀದಿ ಅಂತ ಅರ್ಥ. ತಮಾಷೆ ಏನಂದ್ರೆ 1976ರಿಂದ 1981ರವರೆಗೆ ಅಲ್ಲಿ ಅಗೆದಾಗ ಬಟ್ಟಲು ಕಡೆದು ಉಳಿದ ಮರದ ತಿರುಳುಗಳ ಜೊತೆಗೇ 10ನೇ ಶತಮಾನದ ಮೂಸೆ (ಲೋಹ ಕರಗಿಸೋ ಮಣ್ಣಿನ ಪಾತ್ರೆ) ಚೂರು, ಕಿಟ್ಟ (ಲೋಹ ಕಾಸಿದಾಗ ಬೇರೆಯಾಗೋ ಕಲ್ಮಶ), ಲೋಹಗೆಲಸದ ಕಸ ಎಲ್ಲಾನೂ ಸಿಕ್ತು!

ಈ ಕಸದ ಬಗ್ಗೆನೇ ನನಗೆ ಹುಚ್ಚು. ಒಂದು ಕತ್ತಿ ಸಿಕ್ಕಿದ್ರೆ ‘ಇಲ್ಲಿ ಕುಲುಮೆ ಇತ್ತು’ ಅಂತ ಘೋಷಿಸೋರಿದ್ದಾರೆ, ಆದ್ರೆ ಕತ್ತಿ ಎಲ್ಲೋ ಮಾಡಿ ಎಲ್ಲೋ ಕಳ್ಕೊಂಡಿದ್ದಿರಬಹುದಲ್ವಾ, ಮುರಿದ ಕಬ್ಬಿಣನಂತೂ ಸುಮ್ನೆ ಬಿಡ್ತಿರಲಿಲ್ಲ, ಮತ್ತೆ ಕಾಸಿ ಬಡೀತಿದ್ರು. ಕಮ್ಮಾರನಿಗೇ ಗೊತ್ತಿಲ್ಲದೆ ನೆಲಕ್ಕೆ ಉದುರಿದ್ದು ಮಾತ್ರ ಅಲ್ಲೇ ಉಳಿಯುತ್ತೆ. ಅದಕ್ಕೆ ಹ್ಯಾಮರ್‌ಸ್ಕೇಲ್ ಅಂತಾರೆ, ನಾನು ಸುತ್ತಿಗೆ ಹೊಟ್ಟು ಅಂತೀನಿ, ಯಾಕಂದ್ರೆ ತಲೆಹೊಟ್ಟಿನ ಥರಾನೇ ಅದು.

ಕೆಂಪಗೆ ಕಾದ ಕಬ್ಬಿಣಕ್ಕೆ ಗಾಳಿ ತಗುಲಿದ ತಕ್ಷಣ ಮೈಮೇಲೆ ಆಕ್ಸೈಡಿನ ಒಂದು ತೆಳು ಪೊರೆ ಕಟ್ಟುತ್ತೆ. ಒಳಗಿನ ಕಬ್ಬಿಣ ಮೆತ್ತಗೆ, ಪೊರೆ ಮಾತ್ರ ಪೆಡಸು. ಒಣಗಿದ ಕೆಸರು ಮೆತ್ತಿದ ಚಪ್ಪಲಿನ ಬಗ್ಗಿಸಿ ನೋಡಿ, ಚಪ್ಪಲಿ ಬಾಗುತ್ತೆ, ಕೆಸರು ಚಟಪಟ ಉದುರುತ್ತೆ. ಸುತ್ತಿಗೆ ಏಟಿಗೆ ಆಗೋದೂ ಅಷ್ಟೇ, ಹಳೇ ಗೋಡೆಯ ಸುಣ್ಣದ ಚಕ್ಕೆ ಥರ ಕೆಲವೇ ಮಿಲಿಮೀಟರಿನ ಚಕ್ಕೆಗಳು. ಇನ್ನು ಎರಡು ತುಂಡು ಕಬ್ಬಿಣನ ಕಾಸಿ ಬೆಸೆಯುವಾಗ ನಡುವೆ ಕರಗಿದ ಕಿಟ್ಟ ಏಟಿಗೆ ಚಿಮ್ಮಿ, ಗಾಳಿಯಲ್ಲೇ ಮಳೆಹನಿ ಥರ ಗುಂಡಗಾಗಿ, ಗಟ್ಟಿಯಾಗಿ ಬೀಳುತ್ತೆ. ಅಂದ್ರೆ ಚಕ್ಕೆ ಸಿಕ್ಕರೆ ಬಡಿದಿದ್ದಾರೆ, ಗುಂಡು ಜಾಸ್ತಿ ಸಿಕ್ಕರೆ ಬೆಸೆದೂ ಇದ್ದಾರೆ!

ಹುಡುಕೋಕೆ ದೊಡ್ಡ ಯಂತ್ರ ಬೇಡ, ಅಯಸ್ಕಾಂತ ಸಾಕು. ನೆಲನ ಚೌಕ ಚೌಕವಾಗಿ ಗುರುತು ಮಾಡಿ, ಒಂದೊಂದು ಚೌಕದ ಮಣ್ಣು ಒಣಗಿಸಿ, ಅಂಟಿದ್ದನ್ನ ತೂಗಿ ನಕ್ಷೆ ಹಾಕಿದ್ರೆ ಹೊಟ್ಟು, ಕಬ್ಬಿಣ ಇಟ್ಟು ಬಡಿಯೋ ಅಡಿಗಲ್ಲಿನ ಸುತ್ತ ದಟ್ಟವಾಗಿ, ದೂರ ಹೋದಂತೆ ವಿರಳವಾಗಿ ಕಾಣುತ್ತೆ. ಅಡಿಗಲ್ಲು ಹೋಗಿ ಸಾವಿರ ವರ್ಷ ಆಗಿದ್ರೂ ಅದು ಕೂತಿದ್ದ ಜಾಗ ಹೇಳಬಹುದು. ಬೇಜಾರಂದ್ರೆ ಹಳೇ ಅಗೆತಗಳಲ್ಲಿ ಈ ಕರಿ ಮಣ್ಣನ್ನೆಲ್ಲ ಬುಟ್ಟಿಗೆ ತುಂಬಿ ಆಚೆ ಸುರಿದುಬಿಟ್ಟಿದ್ದಾರೆ.

ಮೂಸೆ ಕಥೆ ಬೇರೆ. ಹಿತ್ತಾಳೆ ಅಂದ್ರೆ ತಾಮ್ರಕ್ಕೆ ಸತು ಬೆರೆಸಿದ್ದು. ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುತ್ತೆ, ತಾಮ್ರ ಕರಗೋಕೇ 1085 ಬೇಕು, ಹಾಗಾಗಿ ಹಿತ್ತಾಳೆ ಕರಗಿಸಿದ ಮೂಸೆಯ ಮಣ್ಣಿಗೆ ಸತು ಹೊಕ್ಕಿರುತ್ತೆ, ಎಕ್ಸ್‌ರೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೆ.

ಕಾಪರ್‌ಗೇಟಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಸಣ್ಣ ಸೀಸದ ತುಂಡುಗಳು. ನಾಣ್ಯದ ಅಚ್ಚು ಸರಿ ಇದೆಯಾ ಅಂತ ನೋಡೋಕೆ ಬೆಳ್ಳಿ ಯಾಕೆ ಹಾಳು ಮಾಡೋದು ಅಂತ ಸೀಸದ ಮೇಲೆ ಒಂದೇಟು ಹಾಕಿರಬಹುದು, ಆ ಮುದ್ರೆ ಈಗಲೂ ಕಾಣುತ್ತೆ.